ಎಲ್ಲರೂ ಒಟ್ಟಿಗೆ ಏರುವ ಕುದುರೆಮುಖ

ಗೆಳೆಯರೆಲ್ಲ ಸೇರಿ ಬೆಟ್ಟ ಹತ್ತೋಣ ಎಂಬ ಮಾತು ಬಂದ ಕೂಡಲೇ ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು ಎಂದು ನೋಡಿಕೊಳ್ಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು, ಚೀಲದಲ್ಲಿ ಏನಿರಬೇಕು, ಬುತ್ತಿ ಬಿಚ್ಚುವುದೆಲ್ಲಿ, ವಾಪಸು ತಿರುಗುವುದು ಯಾವಾಗ ಎಂಬುದೆಲ್ಲ ಅವರ ಕಾಲಿನ ಲೆಕ್ಕದಲ್ಲೇ ತೀರ್ಮಾನವಾಗಬೇಕು. ಇಷ್ಟನ್ನು ಮನಸಾರೆ ಒಪ್ಪಿಕೊಂಡ ಗುಂಪಿನ ಚಾರಣ ಕೆಡುವುದು ಅಪರೂಪ. ಗಟ್ಟಿ ಕಾಲಿನ ಇಬ್ಬರು ಮುಂದೆ ಓಡಿ, ಉಳಿದವರು ಏದುಸಿರು ಬಿಡುತ್ತ ಹಿಂದೆ ಚದುರಿಹೋದಾಗಲೇ ಊರಿನವರು ರಾತ್ರಿ ಟಾರ್ಚು ಹಿಡಿದು ಕಾಡಿಗೆ ಇಳಿಯಬೇಕಾಗುತ್ತದೆ.

ಹೀಗೆ ಒಟ್ಟಾಗಿ ನಡೆಯುವ ಗುಂಪಿಗೆ ನಾನು ಮೊದಲು ಹೇಳುವ ಬೆಟ್ಟ ಕುದುರೆಮುಖ. ಚಿಕ್ಕಮಗಳೂರು ಜಿಲ್ಲೆಯಲ್ಲಿ, ಕಳಸದ ಸಮೀಪದ ಸಂಸೆಯ ಕಡೆಯಿಂದ ಹತ್ತುವ ಈ ಶಿಖರದ ಎತ್ತರ ಸುಮಾರು 1,894 ಮೀಟರ್. ಹಿಂದೆ ಇದನ್ನು ಸಂಸೆ ಪರ್ವತ ಎಂದೇ ಕರೆಯುತ್ತಿದ್ದರು. ಕುಮಾರ ಪರ್ವತದ ಹಾಗೆ ಎದೆಗೇ ಬಂದು ನಿಲ್ಲುವ ಏರು ಇಲ್ಲಿ ಕಡಿಮೆ, ದಾರಿ ಮಾತ್ರ ಉದ್ದ. ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಹತ್ತಿರ ಹತ್ತಿರ 20 ಕಿಲೋಮೀಟರ್ ನಡಿಗೆ. ವೇಗ ಬೇಡ, ಹೊತ್ತು ಬೇಕು. ದಿನವಿಡೀ ಹೊತ್ತು ಕೊಟ್ಟರೆ ಮೊದಲ ಸಲ ಬೆಟ್ಟ ಹತ್ತುವವರೂ ಇಲ್ಲಿ ತುದಿ ಮುಟ್ಟುತ್ತಾರೆ.

ಯಾವಾಗ, ಹೇಗೆ

ಸೆಪ್ಟೆಂಬರ್ ಕೊನೆಯಿಂದ ಜನವರಿವರೆಗಿನ ದಿನಗಳು ಒಳ್ಳೆಯವು. ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದು ಹುಲ್ಲು ಇನ್ನೂ ಹಸಿರಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ದೂರದ ಸಾಲುಬೆಟ್ಟಗಳು ಕಾಣುತ್ತವೆ. ಡಿಸೆಂಬರ್ ಹೊತ್ತಿಗೆ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಫೆಬ್ರುವರಿಯಿಂದಾಚೆಗೆ ಒಣಹುಲ್ಲಿಗೆ ಬೆಂಕಿ ಬೀಳುವ ಭಯ. ಕಾಳ್ಗಿಚ್ಚಿನ ದಿನಗಳಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದುಂಟು. ಜೂನ್, ಜುಲೈಗಳ ಮಳೆಗಾಲದ ಕುದುರೆಮುಖಕ್ಕೆ ಮರುಳಾಗದವರಿಲ್ಲ, ಆದರೆ ವರ್ಷಕ್ಕೆ 7,000 ಮಿಲಿಮೀಟರ್‌ನಷ್ಟು ಮಳೆ ಸುರಿಯುವ ಸೀಮೆ ಇದು. ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ಹೊಡೆಯುತ್ತದೆ, ಕೊಡೆ ನಿಲ್ಲುವುದಿಲ್ಲ, ಮಂಜು ಮುಸುಕಿದರೆ ಹತ್ತು ಮಾರು ಆಚೆಗಿರುವ ಗೆಳೆಯ ಕಾಣುವುದಿಲ್ಲ. ಮೊದಲ ಸಲ ಬರುವವರು ಆ ತಿಂಗಳುಗಳನ್ನು ಬಿಡುವುದೇ ಒಳ್ಳೆಯದು.

ಇದು ರಾಷ್ಟ್ರೀಯ ಉದ್ಯಾನ. ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಮೇಲೆ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಎಲ್ಲೆಡೆ ಹರಿದಾಡಿದ ಮೇಲೆ, ರಾಜ್ಯದ ಚಾರಣದ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಸಿಗುತ್ತದೆ. ಶನಿವಾರದ ಟಿಕೆಟ್ ಬೇಗ ಖಾಲಿಯಾಗುವುದರಿಂದ ಬಸ್ಸಿನ ಸೀಟಿಗಿಂತ ಮೊದಲು ಇದನ್ನು ಮಾಡಿಕೊಳ್ಳಿ. ಎಲ್ಲರ ಹೆಸರೂ ಗುರುತಿನ ಚೀಟಿಯಲ್ಲಿರುವ ಹಾಗೆಯೇ ಇರಲಿ, ಮೂಲ ಚೀಟಿ ಕೈಯಲ್ಲಿರಲಿ. ಶುಲ್ಕ ಮತ್ತು ಸಮಯ ಆಗಾಗ ಬದಲಾಗುತ್ತವೆ, ಹೊರಡುವ ವಾರ ಇನ್ನೊಮ್ಮೆ ನೋಡಿ. ಬೆಟ್ಟದ ಮೇಲೆ ಡೇರೆ ಹಾಕಿ ರಾತ್ರಿ ಕಳೆಯಲು ಅವಕಾಶವಿಲ್ಲ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಲೇಬೇಕು.

ಆರರಿಂದ ಎಂಟು ಜನರ ಗುಂಪು ಹದ. ಅಷ್ಟು ಜನಕ್ಕೆ ಒಂದು ಜೀಪು ಸಾಕು, ಹೋಮ್‌ಸ್ಟೇಯಲ್ಲಿ ಒಂದೆರಡು ಕೋಣೆ ಸಾಕು, ನಡೆಯುವಾಗ ಮುಂದಿನವರ ಕೂಗು ಹಿಂದಿನವರಿಗೆ ಕೇಳುತ್ತದೆ. ಹದಿನೈದು ಜನ ಹೊರಟರೆ ಅದು ದಾರಿಯಲ್ಲಿ ಮೂರು ಗುಂಪಾಗಿ ಒಡೆಯುತ್ತದೆ.

ಹೊರಡುವ ಮುಂಚಿನ ಒಂದು ತಿಂಗಳು ಮೆಟ್ಟಿಲು ಹತ್ತಿ. ಕಚೇರಿಯ ಲಿಫ್ಟು ಬಿಡಿ. ಬೆಂಗಳೂರಿನವರು ಒಂದು ಭಾನುವಾರ ಡಾಬಸ್‌ಪೇಟೆ ಹತ್ತಿರದ ಶಿವಗಂಗೆಯನ್ನು ಎಲ್ಲರೂ ಒಟ್ಟಿಗೆ ಹತ್ತಿ ಇಳಿದರೆ ಯಾರ ಉಸಿರು ಎಷ್ಟಿದೆ, ಯಾರ ಮಂಡಿ ನೋಯುತ್ತದೆ, ಯಾರ ಬೂಟು ಕಚ್ಚುತ್ತದೆ ಎಂಬುದೆಲ್ಲ ಗೊತ್ತಾಗಿಬಿಡುತ್ತದೆ. ಯಾರಿಗಾದರೂ ಉಬ್ಬಸ, ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಅದು ಗುಂಪಿನ ಎಲ್ಲರಿಗೂ ತಿಳಿದಿರಲಿ, ಔಷಧಿ ಯಾವ ಚೀಲದ ಯಾವ ಜೇಬಿನಲ್ಲಿದೆ ಎಂಬುದೂ ತಿಳಿದಿರಲಿ. ಗೆಳೆಯರ ಮುಂದೆ ಹೇಳಿಕೊಳ್ಳಲು ಸಂಕೋಚಪಡುವವರಿರುತ್ತಾರೆ, ಅವರನ್ನು ಹಿರಿಯರಾದವರು ಪಕ್ಕಕ್ಕೆ ಕರೆದು ಕೇಳಬೇಕು.

ಚೀಲದೊಳಗೆ

ಹೊಸ ಬೂಟು ಕೊಂಡು ನೇರ ಬೆಟ್ಟಕ್ಕೆ ಬರಬೇಡಿ, ಎರಡು ವಾರವಾದರೂ ಊರಲ್ಲೇ ಹಾಕಿ ನಡೆದಿರಬೇಕು. ಅಡಿಭಾಗದಲ್ಲಿ ಆಳವಾದ ಕಚ್ಚುಗಳಿರುವ ಬೂಟೇ ಆಗಬೇಕು. ಒದ್ದೆ ಬಂಡೆಯ ಮೇಲೆ ಸಾದಾ ರನ್ನಿಂಗ್ ಶೂ ಜಾರುತ್ತದೆ. ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿಕೊಳ್ಳಿ. ಇಳಿಜಾರಿನಲ್ಲಿ ಹೆಬ್ಬೆರಳು ಬೂಟಿನ ಮುಂಭಾಗಕ್ಕೆ ಗಂಟೆಗಟ್ಟಲೆ ಬಡಿಯುವಾಗ ಉದ್ದ ಉಗುರು ಕಪ್ಪಗಾಗಿ ಕಿತ್ತುಬರುತ್ತದೆ. ಜೀನ್ಸ್ ಬೇಡ, ನೆನೆದರೆ ಭಾರ, ಬೇಗ ಒಣಗುವುದೂ ಇಲ್ಲ. ಉದ್ದ ತೋಳಿನ ಅಂಗಿ, ಹಗುರ ಪ್ಯಾಂಟು, ಮಳೆಕೋಟು, ಟೋಪಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಜೊತೆ ಒಣಬಟ್ಟೆ ಸಾಕು.

ನೀರು ತಲೆಗೆ ಎರಡು ಲೀಟರಿಗೆ ಕಡಿಮೆಯಾಗಬಾರದು. ಮರುಬಳಕೆಯ ಬಾಟಲಿಯಲ್ಲೇ ಒಯ್ಯಿರಿ. ಗೇಟಿನಲ್ಲಿ ಚೀಲ ತಪಾಸಣೆ ಮಾಡುತ್ತಾರೆ, ಮದ್ಯ, ಸಿಗರೇಟು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ಅವಕಾಶವಿಲ್ಲ. ತಿನ್ನಲು ಕಡಲೆಮಿಠಾಯಿ, ಖರ್ಜೂರ, ಬಾಳೆಹಣ್ಣು. ಕಿತ್ತಳೆ ಒಯ್ದರೆ ಸಿಪ್ಪೆಯನ್ನೂ ವಾಪಸು ತನ್ನಿ. ‘ಕೊಳೆಯುತ್ತದಲ್ಲ’ ಎಂದು ಎಸೆದ ಸಿಪ್ಪೆ ತಿಂಗಳುಗಟ್ಟಲೆ ಹುಲ್ಲಿನಲ್ಲಿ ಬಿದ್ದಿರುತ್ತದೆ, ಅದರ ರುಚಿ ಹತ್ತಿದ ಮಂಗಗಳು ಮುಂದಿನ ಗುಂಪಿನ ಚೀಲಕ್ಕೆ ಕೈ ಹಾಕುತ್ತವೆ. ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು, ನೋವಿನ ಮುಲಾಮು, ಸೀಟಿ, ಟಾರ್ಚು ಇಷ್ಟನ್ನು ಗುಂಪಿನ ಲೆಕ್ಕದಲ್ಲಿ ಹಂಚಿಕೊಳ್ಳಿ. ನಿಧಾನ ನಡೆಯುವವರ ಚೀಲ ಎಲ್ಲಕ್ಕಿಂತ ಹಗುರವಾಗಿರಲಿ, ಅವರ ಪಾಲಿನ ನೀರನ್ನು ಗಟ್ಟಿಗರು ಹೊರಬೇಕು. ಕೈಯಲ್ಲಿ ನಗದು ಇರಲಿ. ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ.

ಸಂಸೆಯಿಂದ ಮುಳ್ಳೋಡಿಗೆ

ಬೆಂಗಳೂರಿನಿಂದ ಕಳಸ, ಹೊರನಾಡಿಗೆ ರಾತ್ರಿ ಬಸ್ಸುಗಳಿವೆ. ಶುಕ್ರವಾರ ರಾತ್ರಿ ಹತ್ತಿದರೆ ಬೆಳಗಾಗುವ ಹೊತ್ತಿಗೆ ಕಾಫಿ ತೋಟಗಳ ನಡುವೆ ತಿರುವು ಸುತ್ತುತ್ತಿರುತ್ತೀರಿ. ತಿರುವಿಗೆ ವಾಂತಿ ಬರುವವರು ಮೂಡಿಗೆರೆ ದಾಟುವ ಮುನ್ನವೇ ಮಾತ್ರೆ ನುಂಗಿ ಮುಂದಿನ ಸೀಟು ಹಿಡಿಯುವುದು ಕ್ಷೇಮ. ಸ್ವಂತ ಕಾರಿನಲ್ಲಿ ಬರುವುದಾದರೆ ಒಂದು ಮಾತು: ದಿನವಿಡೀ ನಡೆದು ಇಳಿದ ಸಂಜೆ ಯಾರೂ ಸ್ಟಿಯರಿಂಗ್ ಮುಟ್ಟಬೇಡಿ. ಘಟ್ಟದ ರಸ್ತೆ, ಮಂಜು, ದಣಿದ ಕಣ್ಣು ಮೂರೂ ಸೇರಿದರೆ ಅಪಾಯ ಬೆಟ್ಟದ ಮೇಲಿದ್ದುದಕ್ಕಿಂತ ಹೆಚ್ಚು. ಆದ್ದರಿಂದಲೇ ಶನಿವಾರ ಚಾರಣ, ಭಾನುವಾರ ಹಗಲು ವಿಶ್ರಾಂತಿ ಎಂಬ ಏರ್ಪಾಡು ಒಳ್ಳೆಯದು. ರಾತ್ರಿ ಬಸ್ಸಿನಲ್ಲಿ ನಿದ್ದೆ ಬಾರದವರು ಗುಂಪಿನಲ್ಲಿದ್ದರೆ ಶುಕ್ರವಾರ ಅರ್ಧ ದಿನ ರಜೆ ಹಾಕಿ ಹಿಂದಿನ ರಾತ್ರಿಯೇ ಹೋಮ್‌ಸ್ಟೇ ಸೇರಿಕೊಳ್ಳಿ.

ಸಂಸೆ ಕಡೆಯ ಬಾಳೆಗಲ್ಲಿನಿಂದ ಮುಳ್ಳೋಡಿಗೆ ಜೀಪಿನ ದಾರಿ. ಕಲ್ಲು ಎದ್ದ, ನೀರು ಕೊರೆದ ದಾರಿ ಅದು, ನಗರದ ಕಾರು ಹತ್ತಿಸುವ ಸಾಹಸ ಬೇಡ. ಬಾಡಿಗೆಯನ್ನು, ಸಂಜೆ ಎಷ್ಟು ಹೊತ್ತಿಗೆ ಕಾಯಬೇಕು ಎಂಬುದನ್ನು ಹಿಂದಿನ ದಿನವೇ ಹೋಮ್‌ಸ್ಟೇಯವರ ಮೂಲಕ ಮಾತಾಡಿಕೊಳ್ಳಿ. ಅವರೇ ಗೈಡನ್ನೂ ಗೊತ್ತು ಮಾಡಿಕೊಡುತ್ತಾರೆ. ಗೈಡ್ ಊರಿನವರೇ ಆಗಿರುತ್ತಾರೆ. ಈ ಬೆಟ್ಟದಲ್ಲಿ ದನ ಹುಡುಕುತ್ತ ಬೆಳೆದವರಿಗೆ ಮಂಜಿನಲ್ಲೂ ದಾರಿ ಗೊತ್ತು. ಅವರ ಬುತ್ತಿ ನಿಮ್ಮ ಜೊತೆಗೇ ಇರಲಿ, ಊಟಕ್ಕೆ ಅವರನ್ನು ಕರೆದು ಜೊತೆಯಲ್ಲಿ ಕೂರಿಸಿಕೊಳ್ಳಿ.

ದಾರಿ

ಬೆಳಿಗ್ಗೆ ಏಳರೊಳಗೆ ಮುಳ್ಳೋಡಿಯಿಂದ ಕಾಲು ಕಿತ್ತರೆ ಚೆನ್ನು. ಮೊದಲ ಒಂದು ಗಂಟೆ ಗದ್ದೆ, ತೋಟ, ಹಳ್ಳ, ಕಾಡಂಚು. ಈ ಗಂಟೆಯಲ್ಲೇ ಎಲ್ಲರೂ ಉತ್ಸಾಹದಲ್ಲಿ ಓಡುತ್ತಾರೆ, ದಣಿವಿನ ಬೀಜ ಬೀಳುವುದೂ ಇಲ್ಲೇ. ಗುಂಪಿನ ನಿಧಾನ ನಡಿಗೆಯವರನ್ನು ಗೈಡಿನ ಹಿಂದೆಯೇ ನಿಲ್ಲಿಸಿ, ಅವರ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗಲಿ. ಅನುಭವವಿರುವ, ತಾಳ್ಮೆಯಿರುವ ಒಬ್ಬರು ಕಟ್ಟಕಡೆಗೆ ಬರಬೇಕು, ಅವರ ಹಿಂದೆ ಯಾರೂ ಉಳಿಯಕೂಡದು. ಪ್ರತಿ ಹಳ್ಳ, ಪ್ರತಿ ಕವಲಿನಲ್ಲಿ ನಿಂತು ತಲೆ ಎಣಿಸಿ. ನಡೆಯುತ್ತ ಮಾತಾಡಲು ಆಗುವಷ್ಟು ವೇಗವೇ ಸರಿಯಾದ ವೇಗ. ಮಾತು ತುಂಡಾಗತೊಡಗಿದರೆ ಹೆಜ್ಜೆ ಇಳಿಸಿ.

2019ರಲ್ಲಿ ಕುಮಾರ ಪರ್ವತದಿಂದ ಇಳಿಯುವಾಗ ಗೆಳೆಯರಿಂದ ಬೇರೆಯಾಗಿ ಮುಂದೆ ಹೋದ ಬೆಂಗಳೂರಿನ ಯುವಕನೊಬ್ಬ ಕಾಡಿನಲ್ಲಿ ದಾರಿ ತಪ್ಪಿದ್ದ. ಊರಿನವರು, ಪೊಲೀಸರು, ಅರಣ್ಯ ಸಿಬ್ಬಂದಿ ಎಲ್ಲರೂ ಹುಡುಕಿದರು, ಕೊನೆಗೆ ಆತ ಜೀವಂತವಾಗಿ ಊರು ಸೇರಿದ. ಪಶ್ಚಿಮಘಟ್ಟದ ಕಾಡಿನಲ್ಲಿ ಇಂಥ ಅವಘಡ ಹೆಚ್ಚಾಗಿ ಆಗುವುದು ಇಳಿಯುವಾಗಲೇ. ಶಿಖರ ಮುಟ್ಟಿದ ಮೇಲೆ ಗುಂಪಿನ ಹಿಡಿತ ಸಡಿಲವಾಗುತ್ತದೆ, ಹಸಿವಾದವರು, ಬಸ್ಸಿನ ಅವಸರದವರು ದಾಪುಗಾಲು ಹಾಕುತ್ತಾರೆ. ದಾರಿ ತಪ್ಪಿತು ಅನ್ನಿಸಿದ ಕ್ಷಣವೇ ನಿಲ್ಲಬೇಕು. ಮುಂದೆ ಹೋಗಬಾರದು. ಸೀಟಿಯನ್ನು ಮೂರು ಮೂರು ಸಲ ಊದಿ ಅಲ್ಲೇ ಕಾಯಬೇಕು.

ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವ ಜಾಗ ಬರುತ್ತದೆ. ಅಲ್ಲಿಂದ ಮುಂದೆ ನೆರಳು ಕಡಿಮೆ. ಚಾರಣಿಗರು ಒಂಟಿಮರ ಎಂದು ಕರೆಯುವ ಮರದ ಬುಡ ಎಲ್ಲರೂ ಕೂರುವ ತಾಣ, ನೀವೂ ಕೂತು ಬೂಟು ಬಿಚ್ಚಿ ಕಾಲು ನೋಡಿಕೊಳ್ಳಿ. ಉಜ್ಜಿದ ಜಾಗ ಕೆಂಪಾಗಿದ್ದರೆ ಈಗಲೇ ಪ್ಲಾಸ್ಟರ್ ಅಂಟಿಸಿದರೆ ಬೊಬ್ಬೆ ಏಳುವುದಿಲ್ಲ, ಎದ್ದ ಮೇಲೆ ಅಂಟಿಸಿ ಪ್ರಯೋಜನವಿಲ್ಲ.

ಇಲ್ಲಿಂದ ಸುತ್ತ ಕಣ್ಣು ಹಾಯಿಸಿದರೆ ಬೆಟ್ಟಗಳ ಮೈಯೆಲ್ಲ ಹುಲ್ಲು, ಅವುಗಳ ಮಡಿಕೆ ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡಿನ ತುಂಡುಗಳು. ಇವೇ ಶೋಲಾ ಕಾಡುಗಳು. ಸುರಿದ ಮಳೆಯನ್ನು ಹುಲ್ಲು ತಡೆದು ನಿಧಾನಕ್ಕೆ ಒಳಗೆ ಬಿಡುತ್ತದೆ, ಶೋಲಾ ಅದನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ಹಳ್ಳವಾಗಿ ಹರಿಸುತ್ತದೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಮೂಲವೆಂದು ಹೇಳುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಸಿಂಗಳೀಕ ಈ ಕಾಡಿನ ಹೆಮ್ಮೆಯ ಜೀವ. ಕಾಟಿ, ಕಡವೆಗಳೂ ಇವೆ. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಆದರೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಲೇ ಇತ್ತು. ಪರಿಸರ ಹೋರಾಟಗಾರರು ವರ್ಷಗಟ್ಟಲೆ ದನಿಯೆತ್ತಿದ ಮೇಲೆ, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಯ ಯಂತ್ರಗಳಿಂದ ಉಳಿಸಿಕೊಂಡ ಬೆಟ್ಟವನ್ನು ನಮ್ಮ ಬೂಟುಗಳಿಗೆ ಬಿಟ್ಟುಕೊಡಬಾರದು ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ.

ಬೂಟಿನ ಮಾತು ಸುಮ್ಮನೆ ಹೇಳಿದ್ದಲ್ಲ. ಹುಲ್ಲುಗಾವಲಿನ ಏರಿನಲ್ಲಿ ಕಾಲುದಾರಿಯನ್ನು ಬಗ್ಗಿ ನೋಡಿ. ಜನ ನಡೆದು ನಡೆದು ಹುಲ್ಲು ಸತ್ತು, ಮಳೆ ಮಣ್ಣನ್ನು ಕೊಚ್ಚಿ, ದಾರಿ ಕಾಲುವೆಯಂತೆ ತಗ್ಗಾಗಿರುತ್ತದೆ. ತಗ್ಗಿನ ಎರಡೂ ಬದಿಯಲ್ಲಿ ಹುಲ್ಲಿನ ಬೇರುಗಳು ಹೊರಗೆ ಜೋತಾಡುತ್ತಿರುತ್ತವೆ. ಒಳಗೆ ಕೆಸರಿದೆಯೆಂದು ಮುಂದಿನವರು ಪಕ್ಕದ ಹುಲ್ಲಿನ ಮೇಲೆ ಹೆಜ್ಜೆಯಿಟ್ಟಿರುತ್ತಾರೆ, ಅಲ್ಲೊಂದು ಎರಡನೆಯ ದಾರಿ ಹುಟ್ಟಿರುತ್ತದೆ. ಅದರಾಚೆ ಮೂರನೆಯದು. ಕೆಸರಾದರೂ ಹಳೆಯ ದಾರಿಯಲ್ಲೇ, ಒಬ್ಬರ ಹಿಂದೊಬ್ಬರು ನಡೆಯಿರಿ. ಬೂಟು ತೊಳೆಯಲು ಕೆಳಗೆ ಹಳ್ಳವಿದೆ.

ಕೊನೆಯ ಏರು ಕಡಿದು. ಹೊತ್ತು ನೋಡುವುದು ಇಲ್ಲೇ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗುವುದು ಎಂದು ಬೆಳಿಗ್ಗೆಯೇ ಒಪ್ಪಂದ ಮಾಡಿಕೊಂಡಿರಿ, ಆಗ ಬೆಟ್ಟದ ಮೇಲೆ ವಾದ ಬರುವುದಿಲ್ಲ. ಒಬ್ಬರಿಗೆ ಆಗುವುದಿಲ್ಲ ಅನ್ನಿಸಿದರೆ ಅವರನ್ನು ಒಂಟಿಯಾಗಿ ಮರದಡಿ ಕೂರಿಸಿ ಹೋಗುವುದು ಸಲ್ಲದು, ಇನ್ನೊಬ್ಬರು ಜೊತೆಗೆ ನಿಲ್ಲಲೇಬೇಕು. ಗೈಡ್ ‘ಇವತ್ತು ಬೇಡ’ ಎಂದರೆ ಅಲ್ಲಿಗೆ ಮುಗಿಯಿತು. ಗುಡುಗು ಕೇಳಿದರೆ ದಿಣ್ಣೆಯ ನೆತ್ತಿಯಿಂದ ಕೂಡಲೇ ಕೆಳಗಿಳಿಯಿರಿ, ಬಯಲಿನ ಒಂಟಿ ಮರದಿಂದ ದೂರವಿರಿ, ಒಬ್ಬರಿಂದೊಬ್ಬರು ಅಂತರ ಬಿಟ್ಟು ನಡೆಯಿರಿ.

ಮೇಲೆ ನಿಂತಾಗ ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಕರಾವಳಿಯ ಬಯಲು ಕಾಣುತ್ತದೆ. ಅಲ್ಲಿ ಗಾಳಿ ಜೋರು, ಅಂಚಿಗೆ ಹೋಗಿ ಸೆಲ್ಫಿ ತೆಗೆಯಬೇಡಿ. ಅರ್ಧ ಗಂಟೆ ಕೂತು, ಊಟ ಮಾಡಿ, ಹಗಲಿರುವಾಗಲೇ ಇಳಿಯಿರಿ. ಇಳಿಜಾರಿನಲ್ಲಿ ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆಯಿಟ್ಟು, ಓರೆಯಾಗಿ ಬನ್ನಿ. ಒಂದು ಊರುಗೋಲು ಮಂಡಿಯ ಭಾರವನ್ನು ಎಷ್ಟೋ ತಗ್ಗಿಸುತ್ತದೆ, ಹಿಂದಿನ ದಿನವೇ ಹೋಮ್‌ಸ್ಟೇಯವರಲ್ಲಿ ಕೇಳಿದರೆ ಕೊಡುತ್ತಾರೆ. ಕಾಡಿನ ಮರ ಕಡಿಯಬೇಡಿ.

ಉಂಬಳ

ಮಳೆಗಾಲದಲ್ಲಿ, ಮಳೆ ನಿಂತ ಹೊಸತರಲ್ಲಿ ಉಂಬಳದ ಕಾಟ ತಪ್ಪಿದ್ದಲ್ಲ. ಹಳ್ಳದ ಬದಿಯ ತರಗೆಲೆಯ ಮೇಲೆ ಒಂದು ನಿಮಿಷ ನಿಂತು ನೋಡಿ, ದಾರದೆಳೆಯಷ್ಟು ತೆಳ್ಳಗಿನ ಉಂಬಳವೊಂದು ಹಿಂಬದಿಯಲ್ಲಿ ಎಲೆಗೆ ಕಚ್ಚಿಕೊಂಡು ಎದ್ದು ನಿಂತು, ಮೂತಿಯನ್ನು ಗಾಳಿಯಲ್ಲಿ ಅತ್ತಿತ್ತ ಆಡಿಸುತ್ತ ನಿಮ್ಮ ಉಸಿರು, ಬಿಸಿಯನ್ನು ಹುಡುಕುತ್ತದೆ. ಸುಳಿವು ಸಿಕ್ಕಿತೋ, ಕಮಾನಿನಂತೆ ಮೈ ಬಗ್ಗಿಸಿ ಬಗ್ಗಿಸಿ ಬೂಟಿನ ಕಡೆಗೆ ಬರುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಅದರ ಮೇಲೆ ಒತ್ತು ನೇಯ್ಗೆಯ ಉಂಬಳದ ಕಾಲುಚೀಲ ಹಾಕಿ ಮಂಡಿಯ ಕೆಳಗೆ ಕಟ್ಟಿಕೊಳ್ಳಿ. ತೋಟದ ಕೆಲಸದವರು ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಳ್ಳುತ್ತಾರೆ. ಉಂಬಳವಿರುವ ಕಡೆ ಕೂರಬೇಡಿ, ನಿಲ್ಲಬೇಡಿ, ನಡೆಯುತ್ತಿರಿ.

ಕಚ್ಚಿದರೆ ಹೆದರುವಂಥದ್ದೇನಿಲ್ಲ. ಉಪ್ಪು ಸುರಿಯುವುದಕ್ಕಿಂತ ಉಗುರಿನಿಂದ ಅದರ ಬಾಯಿಯ ಪಕ್ಕದಲ್ಲಿ ಸರಕ್ಕನೆ ಜಾರಿಸಿ ಬಿಡಿಸುವುದು ಒಳ್ಳೆಯದು, ಉಪ್ಪು ಬಿದ್ದ ಉಂಬಳ ಒಳಗಿನದನ್ನು ಗಾಯಕ್ಕೇ ಕಕ್ಕಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವೊಂದನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು, ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲೇ ವೈದ್ಯರನ್ನು ಕೇಳಿ ಬರಲಿ.

ಮಲೆನಾಡಿನ ಮನೆಯಲ್ಲಿ ಒಂದು ರಾತ್ರಿ

ಇಲ್ಲಿನ ಹೋಮ್‌ಸ್ಟೇಗಳಲ್ಲಿ ಹೆಚ್ಚಿನವು ಮನೆಗಳೇ. ಅಡಿಕೆ, ಕಾಫಿ, ಮೆಣಸಿನ ಜೊತೆಗೆ ಚಾರಣಿಗರಿಂದ ಬರುವ ದುಡ್ಡೂ ಆ ಮನೆಗೆ ಆಧಾರ. ಬುಕಿಂಗ್ ಮಾಡುವಾಗಲೇ ಎಷ್ಟು ಜನ, ಮಾಂಸಾಹಾರ ಬೇಕೇ ಬೇಡವೇ ಎಂದು ಹೇಳಿಬಿಡಿ, ಪೇಟೆ ದೂರ, ಹೊತ್ತು ಮೀರಿ ಕೇಳಿದರೆ ಅವರಿಗೆ ಕಷ್ಟ. ‘ಬುತ್ತಿಗೆ ಚಿತ್ರಾನ್ನ ಆಗ್ತದಾ ಮಾರಾಯ್ರೆ, ಚಪಾತಿ ಮಾಡಿಕೊಡ್ಲಾ?’ ಎಂದು ಮನೆಯ ಅಕ್ಕ ಕೇಳುತ್ತಾರೆ. ನಿಮ್ಮದೇ ಸ್ಟೀಲ್ ಡಬ್ಬಿ ಒಯ್ದಿದ್ದರೆ ಅದಕ್ಕೇ ತುಂಬಿಸಿಕೊಳ್ಳಿ. ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಿದವರು ಅವರು, ಹೊರಡುತ್ತೇವೆ ಎಂದ ಹೊತ್ತಿಗೇ ಹೊರಡಿ.

ಸಂಜೆ ಇಳಿದು ಬಂದಾಗ ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ಮೊದಲ ಸರದಿ, ಹೇಳಬೇಕಾಗಿಲ್ಲ, ಎಲ್ಲರಿಗಿಂತ ಹೆಚ್ಚು ದಣಿದವರದು. ಮೀಯುವಾಗ ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಸರಿಯಾಗಿ ನೋಡಿಕೊಳ್ಳಿ. ಉಂಬಳ ಕಣ್ಣಿಗೆ ಬೀಳುತ್ತದೆ, ಉಣುಗು ಬೀಳುವುದಿಲ್ಲ. ಅಕ್ಕಿರೊಟ್ಟಿ, ಬಿಸಿ ಸಾರು, ಮಿಡಿ ಉಪ್ಪಿನಕಾಯಿಯ ಊಟ ಮುಗಿದ ಮೇಲೆ ಸ್ಪೀಕರ್ ಹಚ್ಚಬೇಡಿ. ಪಕ್ಕದ ಕೋಣೆಯಲ್ಲಿ ಮನೆಯ ಹಿರಿಯರು ಮಲಗಿರುತ್ತಾರೆ, ತೋಟದಾಚೆ ಕಾಡಿದೆ.

ಭಾನುವಾರಕ್ಕೆ ದೊಡ್ಡ ಯೋಜನೆ ಹಾಕಿಕೊಳ್ಳಬೇಡಿ, ಮೆಟ್ಟಿಲು ಇಳಿಯುವಾಗಲೂ ತೊಡೆ ಹಿಡಿದುಕೊಂಡಿರುತ್ತದೆ. ಕಳಸದಲ್ಲಿ ಕಳಸೇಶ್ವರನ ದೇವಸ್ಥಾನ, ಭದ್ರಾ ತೀರ, ಅಲ್ಲಿಂದ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಮಧ್ಯಾಹ್ನದ ಪ್ರಸಾದ, ರಾತ್ರಿ ಬಸ್ಸು. ವಾಪಸಿನ ಟಿಕೆಟನ್ನು ಹೋಗುವ ಟಿಕೆಟಿನ ಜೊತೆಗೇ ತೆಗೆದಿರಬೇಕು, ರಜೆಯ ಭಾನುವಾರ ಸೀಟು ಸಿಗುವುದಿಲ್ಲ. ಗುಂಪಿನ ಖರ್ಚಿನ ಲೆಕ್ಕವನ್ನು ಬಸ್ಸು ಹತ್ತುವ ಮೊದಲೇ ಚುಕ್ತಾ ಮಾಡಿಕೊಳ್ಳಿ.

ಒಂದು ವಿಷಯವನ್ನು ಮಾತ್ರ ಊರಿಗೆ ಬಂದ ಮೇಲೂ ಮರೆಯಬಾರದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಚಿಕ್ಕಮಗಳೂರಿನ ಮಲೆನಾಡಿನಲ್ಲೂ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಹರಡುವುದು ಉಣುಗಿನಿಂದ. ಆ ತಿಂಗಳುಗಳಲ್ಲಿ ಹೋಗುವವರು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಮಂಗ ಸತ್ತುಬಿದ್ದಿರುವ ಜಾಗದಿಂದ ದೂರ ಸರಿದು ಅರಣ್ಯ ಸಿಬ್ಬಂದಿಗೆ ತಿಳಿಸಿ. ಉಣುಗು ಕಚ್ಚಿದ್ದರೆ ಹಿಸುಕಬೇಡಿ, ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ತೊಟ್ಟ ಬಟ್ಟೆಯನ್ನು ಬಿಸಿನೀರು ಸೋಪಿನಲ್ಲಿ ಒಗೆಯಿರಿ. ಮುಂದಿನ ಎರಡು ವಾರದಲ್ಲಿ ಗುಂಪಿನ ಯಾರಿಗೇ ಆಗಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು, ಮಲೆನಾಡಿನ ಕಾಡಿಗೆ ಹೋಗಿದ್ದೆವು ಎಂದು ವೈದ್ಯರಿಗೆ ತಪ್ಪದೆ ಹೇಳಬೇಕು. ನಗರದ ವೈದ್ಯರು ಅದನ್ನು ತಾವಾಗಿ ಊಹಿಸಲಾರರು. ಒಬ್ಬರಿಗೆ ಜ್ವರ ಬಂದದ್ದು ತಿಳಿದರೆ ಉಳಿದವರಿಗೂ ಫೋನ್ ಮಾಡಿ.